ಶರಣಪ್ಪನ ಹೆಲ್ಮೆಟ್

ಶರಣಪ್ಪನ ಹೆಲ್ಮೆಟ್ ಒಡೆದದ್ದು ರಸ್ತೆಗೆ ಬಿದ್ದು ಅಲ್ಲ. ಅದನ್ನು ಒಡೆದವನು ನಾನು — ನರಗುಂದದಿಂದ ಯಾವಗಲ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಒಂದು ಕಲ್ಲಿಗೆ, ಈ ಎರಡು ಕೈಯಿಂದ, ಕುಟ್ಟಿ ಕುಟ್ಟಿ ಒಡೆದೆ. ಆ ಹೊತ್ತಿಗೆ ಅವನು ನನ್ನ ಮಗ್ಗುಲಲ್ಲೇ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ನಾನು ಮೊದಲು ಹೆಲ್ಮೆಟ್ ಒಡೆದೆ, ಆಮೇಲೆ ಅವನನ್ನು ಎತ್ತಿದೆ. ಇದನ್ನು ಹಿಂದುಮುಂದು ಮಾಡಿ ಹೇಳಿದರೆ ಅದೂ ಒಂದು ಸುಳ್ಳಾಗುತ್ತದೆ, ಸುಳ್ಳು ನಾನು ಬೇಕಾದಷ್ಟು ಹೇಳಿಯಾಗಿದೆ.

ನೀವು ರೋಣ, ನರಗುಂದ, ಗಜೇಂದ್ರಗಡದ ಕಡೆ ಸೈಕಲ್ ಓಡಿಸುವವರಾಗಿದ್ದರೆ ಆ ಹೆಲ್ಮೆಟ್ ನಿಮಗೆ ಗೊತ್ತು. ನೋಡಿರದಿದ್ದರೂ ಅದರ ಮಾತು ಕೇಳಿದ್ದೀರಿ. ತಾಯಿಯೋ ಅಕ್ಕನೋ ತಲೆಗೆ ಏನಾದರೂ ಹಾಕಿಕೊಂಡು ಹೋಗು ಎಂದಾಗ ನೀವು ಕೊಡುವ ಉತ್ತರ ಅದೇ ತಾನೆ? “ಶರಣಪ್ಪ ಹಾಕ್ಕೊಂಡಿದ್ದನಲಾ, ಏನಾತು?” — ಅಷ್ಟು ಅಂದರೆ ಮುಗಿಯಿತು, ಎದುರಿಗಿದ್ದವರ ಬಾಯಿ ಮುಚ್ಚುತ್ತದೆ. ನಾನೂ ಎಷ್ಟೋ ಸಲ ಅಂಗಡಿಯಲ್ಲಿ ಕೂತು ಆ ಮಾತು ಕೇಳಿದ್ದೇನೆ. ಕೇಳಿ, ಚಕ್ರದ ಕಡ್ಡಿ ಬಿಗಿ ಮಾಡುತ್ತ, ತಲೆ ತಗ್ಗಿಸಿಕೊಂಡು ಸುಮ್ಮನಿದ್ದೇನೆ.

ನನ್ನ ಹೆಸರು ದಾವಲಸಾಬ. ರೋಣದಲ್ಲಿ ನನ್ನದು ಸೈಕಲ್ ಅಂಗಡಿ, ಅಪ್ಪನ ಕಾಲದ್ದು. ನನ್ನ ಬಾಯಿ ಊರಿಗೇ ಗೊತ್ತು. ಗಿರಾಕಿಯನ್ನು ಛೇಡಿಸದೆ ಒಂದು ಪಂಕ್ಚರ್ ಹಾಕಿದವನಲ್ಲ ನಾನು. ಜನ ನಗುತ್ತಾರೆ, ನಾನು ಉಬ್ಬುತ್ತೇನೆ, ಮತ್ತೊಂದು ಮಾತು ಹೊರಬೀಳುತ್ತದೆ — ಹೀಗೇ ಬದುಕು ಸಾಗಿದೆ. ಶರಣಪ್ಪನ ತಲೆಯಿಂದ ಹೆಲ್ಮೆಟ್ ತೆಗೆಸಿದ್ದು ಇದೇ ಬಾಯಿ. ಆಮೇಲೆ ಹನ್ನೆರಡು ವರ್ಷ ಬೀಗ ಹಾಕಿಕೊಂಡು ಕೂತದ್ದೂ ಇದೇ ಬಾಯಿ.

ಶರಣಪ್ಪ ಯಾವಗಲ್ಲಿನವನು. ನರಗುಂದದ ಒಂದು ಕಾಳಿನ ಅಂಗಡಿಯಲ್ಲಿ ತೂಕ ಮಾಡುವ ಕೆಲಸ. ದಿನಾ ಸೈಕಲ್ ಮೇಲೆ ಹೋಗಿ ಬರುತ್ತಿದ್ದ. ಎದುರು ಗಾಳಿ ಬಂದರೆ ಖುಷಿಪಡುತ್ತಿದ್ದ, ಹುಚ್ಚ. ಅವನಿಗೆ ರೇಸಿನ ಸೈಕಲ್ ಕಟ್ಟಿಕೊಟ್ಟವನು ನಾನು, ಶರ್ಯತ್ತಿನಲ್ಲಿ ನಿಲ್ಲಿಸಿದವನೂ ನಾನು. ನಮ್ಮ ಕಡೆ ಸೈಕಲ್ ಶರ್ಯತ್ತು ಅಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ನರಗುಂದದಲ್ಲಿ ಗುಡ್ಡದ ಕೆಳಗೆ ಶುರು, ಯಾವಗಲ್, ರೋಣ ದಾಟಿ ಗಜೇಂದ್ರಗಡದಲ್ಲಿ ಮುಕ್ತಾಯ. ಗೆದ್ದವನ ತಲೆಗೆ ಕೆಂಪು ರುಮಾಲು ಸುತ್ತುತ್ತಾರೆ. ಮರುವರ್ಷ ಅವನು ಅದನ್ನು ಸುತ್ತಿಕೊಂಡೇ ಸಾಲಿನ ಮುಂದೆ ನಿಲ್ಲಬೇಕು, ಸುತ್ತಿಕೊಂಡೇ ಓಡಿಸಬೇಕು. ಅವನನ್ನು ಸೋಲಿಸಿದವನು ಎಲ್ಲರೆದುರು ಅವನ ತಲೆಯಿಂದ ಅದನ್ನು ಬಿಚ್ಚಿ ತನ್ನ ತಲೆಗೆ ಸುತ್ತಿಕೊಳ್ಳುತ್ತಾನೆ. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನಮಗೆ ಅದು ಇಡೀ ವರ್ಷದ ಮರ್ಯಾದೆ.

ಇದು ಹನ್ನೆರಡು ವರ್ಷದ ಹಿಂದಿನ ಮಾತು. ಅದರ ಹಿಂದಿನ ವರ್ಷ ಶರಣಪ್ಪ ಗೆದ್ದಿದ್ದ. ರುಮಾಲು ಅವನ ಮನೆಯಲ್ಲಿತ್ತು.

ಆ ವರ್ಷ ಪೊಲೀಸರು ಶರ್ಯತ್ತಿಗೆ ಪರವಾನಗಿ ಕೊಡುವಾಗ ಒಂದು ಕರಾರು ಹಾಕಿದರು — ತಲೆಗೆ ಹೆಲ್ಮೆಟ್ ಇಲ್ಲದ ಒಬ್ಬನೂ ರಸ್ತೆಗಿಳಿಯಬಾರದು. ಮೂರೂ ಊರಿನವರ ಪರವಾಗಿ ಮುಂದೆ ನಿಂತು ಒಪ್ಪಿಕೊಂಡವನು ನಾನೇ. “ಜವಾಬ್ದಾರಿ ನಂದ್ರಿ ಸಾಹೇಬ್ರ” ಎಂದು ಎದೆ ಮುಟ್ಟಿ ಹೇಳಿ ಬಂದೆ. ಹುಡುಗರು ಗೊಣಗಿದರು, ಕೆಲವರು ಮೋಟರ್ ಸೈಕಲ್ಲಿನ ಭಾರದ ಹೆಲ್ಮೆಟ್ ಹೊತ್ತು ತಂದರು. ಗೊಣಗದೆ ಒಪ್ಪಿದವನು ಶರಣಪ್ಪ ಒಬ್ಬನೇ. ಅವನ ಮಗಳು ನೀಲಾ ಆಗ ಎರಡು ವರ್ಷದ ಕೂಸು. ಹುಬ್ಬಳ್ಳಿಯಿಂದ ಬಿಳಿ ಬಣ್ಣದ ಹಗುರ ಹೆಲ್ಮೆಟ್ ತರಿಸಿಕೊಡು ಎಂದು ನನ್ನನ್ನೇ ಕೇಳಿದ. “ರುಮಾಲ ಸೊಂಟಕ್ಕ ಕಟ್ಟಿಕೊಂತೀನಿ ಬಿಡೋ” ಎಂದ. ಶರ್ಯತ್ತಿನ ದಿನ ಬೆಳಿಗ್ಗೆ ಹೆಂಡತಿ ಕಸ್ತೂರಿ ಅವನ ಗದ್ದದ ಕೆಳಗೆ ಪಟ್ಟಿ ಎಳೆದು ನೋಡಿ, ಅಳತೆ ಮಾಡಿ, ತಾನೇ ಬಿಗಿ ಮಾಡಿ ಕಳಿಸಿದ್ದಳಂತೆ.

ಅವನು ಹಾಗೆಯೇ ಬಂದು ನರಗುಂದದಲ್ಲಿ ಸಾಲಿನ ಮುಂದೆ ನಿಂತ. ತಲೆಗೆ ಬಿಳಿ ಹೆಲ್ಮೆಟ್, ಸೊಂಟಕ್ಕೆ ಕೆಂಪು ರುಮಾಲು. ತಪಾಸಣೆ ಮುಗಿದಿತ್ತು, ನೋಡಬೇಕಾದವರು ನೋಡಿ ಹೋಗಿದ್ದರು. ಸುತ್ತ ಜನ ಜಾತ್ರೆಯಷ್ಟು. ಯಾರೋ ಹಿಂದಿನಿಂದ “ಗೆದ್ದಾಂವ ಯಾರೋ? ರುಮಾಲೇ ಕಾಣವಲ್ದು” ಎಂದು ಕೂಗಿದರು. ನನಗೆ ಚುಚ್ಚಿತು. ಅವನನ್ನು ತಯಾರು ಮಾಡಿದವನು ನಾನು, ಆ ರುಮಾಲಿನಲ್ಲಿ ನನ್ನದೂ ಪಾಲಿದೆ ಎಂದುಕೊಂಡಿದ್ದೆ. ಮುಂದೆ ದಾರಿ ಬಿಡಿಸುತ್ತ ಹೋಗುವ ಮೋಟರ್ ಸೈಕಲ್ ನನ್ನದು; ಅದರ ಮೇಲೆ ಕೂತು, ಎಲ್ಲರಿಗೂ ಕೇಳುವ ಹಾಗೆ, ನಗಿಸುವ ದನಿಯಲ್ಲಿ —

“ಗೆದ್ದ ತಲಿ ಮ್ಯಾಲ ಬುಟ್ಟಿ ಬೋರಲ ಹಾಕ್ಕೊಂಡ ಹೊಕ್ಕೀಯೇನಲೇ? ತಗೀ ಅದನ್ನ!”

ಜನ ಬಿದ್ದು ಬಿದ್ದು ನಕ್ಕರು. ಶರಣಪ್ಪನೂ ನಕ್ಕ. ಆದರೆ ತೆಗೆಯಲಿಲ್ಲ. “ಬ್ಯಾಡೋ ದಾವಲಾ, ಕಸ್ತೂರಿಗೆ ಮಾತ ಕೊಟ್ಟೀನಿ” ಎಂದ. ಅದಕ್ಕೂ ಜನ ನಕ್ಕರು. ಆಗ ನಾನು ಗಾಡಿಯಿಂದ ಇಳಿದು ಬಂದೆ. ಅವನ ಗದ್ದದ ಕೆಳಗಿನ ಪಟ್ಟಿಯನ್ನು ನಾನೇ ಬಿಚ್ಚಿದೆ. ಸೊಂಟದ ರುಮಾಲು ಎಳೆದು ನಾನೇ ತಲೆಗೆ ಸುತ್ತಿದೆ. “ಊರು ದಾಟೂತನಕಾ ಅಷ್ಟ. ಆಮ್ಯಾಲ ಕೊಡ್ತೀನಿ” ಎಂದು ಹೆಲ್ಮೆಟ್ಟನ್ನು ನನ್ನ ಗಾಡಿಯ ಹ್ಯಾಂಡಲ್‌ಗೆ ನೇತು ಹಾಕಿಕೊಂಡೆ. ಸಿಳ್ಳೆ ಬಿತ್ತು, ಚಪ್ಪಾಳೆ ಬಿತ್ತು. ಇನ್ನೊಂದು ಮಾತು — ಆಗ ನನ್ನ ತಲೆಯ ಮೇಲೆ ಹೆಲ್ಮೆಟ್ ಇತ್ತು, ಪಟ್ಟಿ ಸಮೇತ.

ಶರ್ಯತ್ತು ಶುರುವಾಯಿತು. ನರಗುಂದ ದಾಟುತ್ತಲೇ ಶರಣಪ್ಪ ಉಳಿದವರನ್ನು ಹಿಂದೆ ಹಾಕಿ ನನ್ನ ಗಾಡಿಯ ಮಗ್ಗುಲಿಗೆ ಬಂದ. ಏದುಸಿರಿನಲ್ಲಿ, “ದಾವಲಾ, ಕೊಡೋ ಅದನ್ನ” ಎಂದ.

ನಾನು ಹಿಂತಿರುಗಿ ನೋಡಿದೆ. “ಹಿಂದ ಬೆನ್ನ ಹತ್ಯಾರ. ಈಗ ನಿಂತ್ಯಂದ್ರ ಹೋತು. ಮುಂದ ಕೊಡ್ತೀನಿ, ಹೊಡೀ!”

ಅದು ನಿಜವೂ ಆಗಿತ್ತು, ಆಗ. ಹಿಂದೆ ಹುಡುಗರು ಹತ್ತಿರದಲ್ಲೇ ಇದ್ದರು. ಆದರೆ ಎರಡನೆಯ ಸಲ —

ಎರಡನೆಯ ಸಲ ಅವನು ಕೇಳಿದಾಗ ಹಿಂದೆ ಯಾರೂ ಇರಲಿಲ್ಲ. ರಸ್ತೆ ಖಾಲಿ, ಎರಡೂ ಕಡೆ ಕಪ್ಪು ಹೊಲ, ಕಡಲೆ ಕಿತ್ತು ಮುಗಿಯುತ್ತ ಬಂದಿತ್ತು. ನಿಂತು, ನೀರು ಕುಡಿದು, ಹೆಲ್ಮೆಟ್ ಹಾಕಿಕೊಂಡು ಹೊರಟರೂ ಅವನೇ ಮುಂದಿರುತ್ತಿದ್ದ. ಅವನು ಮಾತಾಡಲಿಲ್ಲ, ನನ್ನ ಹ್ಯಾಂಡಲ್‌ನತ್ತ ಕೈ ಚಾಚಿದ. “ಕೊಡೋ” ಎಂದಷ್ಟೇ ಅಂದ. ಬೆರಳು ಹೆಲ್ಮೆಟ್ಟಿಗೆ ತಾಗಿತೋ ಇಲ್ಲವೋ, ನಾನು ನಗುತ್ತ ಗಾಡಿಯನ್ನು ಮುಂದಕ್ಕೆ ಜಿಗಿಸಿದೆ.

“ಯಾವಗಲ್ಲಾಗ ಹೆಣ್ತಿ, ಕೂಸು ರಸ್ತೇಕ ನಿಂತಿರ್ತಾರ. ಅವರು ರುಮಾಲ ನೋಡ್ಲಿ. ಅಲ್ಲಿ ದಾಟಿದ ಮ್ಯಾಲ ಕೊಡ್ತೀನೋ ಮಾರಾಯಾ!”

ಅವನು ಕೈ ಹಿಂತೆಗೆದುಕೊಂಡ. ಸಿಟ್ಟಾದನೋ, ಸುಮ್ಮನಾದನೋ — ನಾನು ಮುಖ ನೋಡಲಿಲ್ಲ. ಆ ಮುಖವೇ ನನಗೆ ಸಿಗದೆ ಹೋಗಿದೆ. ಎಷ್ಟು ಸಲ ನೆನಪಿಸಿಕೊಂಡರೂ ಚಾಚಿದ ಕೈ ಬರುತ್ತದೆ, ಮುಖ ಬರುವುದಿಲ್ಲ.

ಸ್ವಲ್ಪ ಮುಂದೆ ಯಾರೋ ರೈತರು ಒಕ್ಕುವುದಕ್ಕೆಂದು ಕಡಲೆ ಗಿಡ ಕಿತ್ತು ರಸ್ತೆಯ ಮೇಲೆ ಹರವಿದ್ದರು. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಬಸ್ಸು, ಟ್ರ್ಯಾಕ್ಟರ್ ಮೇಲೆ ಹಾದರೆ ಕಾಳು ಬೇರೆಯಾಗುತ್ತದೆ. ದಾರಿ ತೋರಿಸುತ್ತ ಮುಂದೆ ಹೋಗುವವನ ಕೆಲಸ ಏನು? ಇಂಥದ್ದು ಕಂಡರೆ ಕೈ ಎತ್ತಬೇಕು, ಹಿಂದಿನವನಿಗೆ ತೋರಿಸಬೇಕು. ನನಗೆ ಕಂಡಿತು. ನಾನು ಬದಿಗೆ ಹೊರಳಿಸಿಕೊಂಡು ದಾಟಿದೆ. ಕೈ ಎತ್ತಲಿಲ್ಲ. ಯಾವಗಲ್ಲಿನಲ್ಲಿ ಎಷ್ಟು ಜನ ನೆರೆದಿರಬಹುದು, ಏನು ಹೇಳಿ ನಗಿಸಲಿ ಎಂದು ಲೆಕ್ಕ ಹಾಕುತ್ತಿದ್ದೆ. ಹಿಂದೆ ಸೈಕಲ್ ಜಾರಿದ ಸದ್ದು. ಆಮೇಲೆ ಇನ್ನೊಂದು ಸದ್ದು — ಅದನ್ನು ನಾನು ಹೇಳಲಾರೆ.

ಗಾಡಿ ತಿರುಗಿಸಿ ಬಂದೆ. ಶರಣಪ್ಪ ಒಂದು ಮಗ್ಗುಲಾಗಿ ಬಿದ್ದಿದ್ದ. ಉಸಿರಿತ್ತು. ಕೆಂಪು ರುಮಾಲಿನಲ್ಲಿ ರಕ್ತ ಬೇರೆಯಾಗಿ ಕಾಣುತ್ತಿರಲಿಲ್ಲ, ಬರೀ ಒದ್ದೆ ಕಾಣುತ್ತಿತ್ತು. ಹೆಸರು ಹಿಡಿದು ಕೂಗಿದೆ, ಕಣ್ಣು ಬಿಡಲಿಲ್ಲ. ತಲೆ ಎತ್ತಿ ನೋಡಿದೆ; ರಸ್ತೆಯ ಮೇಲೆ ಯಾರೂ ಇಲ್ಲ. ಮತ್ತೆ ನನ್ನ ಕಣ್ಣು ಹೋದದ್ದು ಗಾಡಿಯ ಕಡೆಗೆ. ಹ್ಯಾಂಡಲ್‌ಗೆ ಹೆಲ್ಮೆಟ್ ಇನ್ನೂ ತೂಗಾಡುತ್ತಿತ್ತು.

ಆ ಗಳಿಗೆಯಲ್ಲಿ ನನ್ನೊಳಗೆ ಏನು ನಡೆಯಿತು ಎಂದು ತುಂಬ ಸಲ ಕೇಳಿಕೊಂಡಿದ್ದೇನೆ. ಗಾಬರಿ ಎನ್ನಬಹುದಿತ್ತು. ಗಾಬರಿಯಲ್ಲಿ ಮನುಷ್ಯ ಓಡುತ್ತಾನೆ, ಕಿರುಚುತ್ತಾನೆ. ನಾನು ಎರಡನ್ನೂ ಮಾಡಲಿಲ್ಲ. ‘ಜವಾಬ್ದಾರಿ ನಂದ್ರಿ’ ಅಂದದ್ದು ನೆನಪಾಯಿತು. ಪೊಲೀಸರು ನೆನಪಾದರು. ಕಸ್ತೂರಿ ಕಣ್ಣೆದುರು ಬಂದಳು — ಅವಳ ಬಗ್ಗೆ ಮರುಕವಲ್ಲ, ಅವಳು ಏನು ಕೇಳುತ್ತಾಳೋ ಎಂಬ ಭಯ. ಇಷ್ಟೆಲ್ಲ ಸ್ಪಷ್ಟವಾಗಿ, ಒಂದರ ಹಿಂದೆ ಒಂದು ಬಂತು. ಹೋಗಿ ಹೆಲ್ಮೆಟ್ ತೆಗೆದುಕೊಂಡೆ. ಕಲ್ಲಿಗೆ ಕುಟ್ಟಿದೆ. ಮೊದಲ ಏಟಿಗೆ ಏನೂ ಆಗಲಿಲ್ಲ. ಗಟ್ಟಿ ಹೆಲ್ಮೆಟ್ ಅದು. ಮತ್ತೆ ಕುಟ್ಟಿದೆ. ಬಿರುಕು ಬಿಡುವವರೆಗೂ ಕುಟ್ಟಿದೆ. ಅಷ್ಟು ಹೊತ್ತೂ ಅವನ ಕಾಲೊಂದು ನೆಲಕ್ಕೆ ಸಣ್ಣಗೆ ಉಜ್ಜುತ್ತಿತ್ತು, ನನಗೆ ಕೇಳಿಸುತ್ತಿತ್ತು.

ಒಡೆದದ್ದನ್ನು ಅವನ ಪಕ್ಕದಲ್ಲಿಟ್ಟೆ. ಆಮೇಲೆ ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ರುಮಾಲು ಬಿಚ್ಚಿ, ಅದನ್ನೇ ಗಾಯಕ್ಕೆ ಒತ್ತಿ ಹಿಡಿದೆ. ಕಡಲೆಯ ರೈತರು ಹೊಲದಿಂದ ಓಡಿ ಬಂದಾಗ ಅವರಿಗೆ ಕಂಡದ್ದು ಇಷ್ಟು — ಒಡೆದ ಹೆಲ್ಮೆಟ್, ಅಳುತ್ತ ಗೆಳೆಯನ ತಲೆ ಹಿಡಿದುಕೊಂಡ ನಾನು. ಅಳು ನಿಜವಾದದ್ದೇ. ಅದೇ ನನಗೆ ಹೇಸಿಗೆ ತರುವ ಸಂಗತಿ; ಅಳುವೂ ನಿಜ, ಆ ಹೆಲ್ಮೆಟ್ಟೂ ಅಲ್ಲೇ.

ಗಾಡಿಯೊಂದನ್ನು ಹಿಡಿದು ದವಾಖಾನೆಗೆ ಸೇರಿಸಿದೆವು. ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ಹೆಲ್ಮೆಟ್ ಇತ್ತೇನ್ರಿ?”

“ಇತ್ರಿ.”

ನಾನು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದು, ಎರಡೇ ಅಕ್ಷರದ್ದು. ಮುಂದಿನ ಸುಳ್ಳುಗಳು ಅದರ ಬಾಲ ಹಿಡಿದುಕೊಂಡು ತಾವಾಗಿ ಬಂದವು. ನರಗುಂದದಲ್ಲಿ ರುಮಾಲು ನೋಡಿದವರು ಕೇಳಿದರು; ಊರು ದಾಟಿದ ಮೇಲೆ ನಿಲ್ಲಿಸಿ ಹೆಲ್ಮೆಟ್ ಕೊಟ್ಟೆ, ನನ್ನ ಕಣ್ಣೆದುರಿಗೇ ಹಾಕಿಕೊಂಡ ಅಂದೆ. ಕಸ್ತೂರಿ ಕೇಳಿದಳು, ಅವಳಿಗೂ ಅದನ್ನೇ ಹೇಳಿದೆ. ಅವಳು ಒಡೆದ ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, “ನಾನ ಬಿಗಿ ಮಾಡಿದ್ನಿರೀ ಅಣ್ಣಾ, ಇನ್ನಷ್ಟ ಬಿಗಿ ಮಾಡಬೇಕಾಗಿತ್ತೇನೋ” ಎಂದಳು. ನಾನು “ನಿಂದೇನು ತಪ್ಪಿಲ್ಲವಾ” ಎಂದೆ. ಒಬ್ಬರೂ ಅದನ್ನು ತಿರುಗಿಸಿ ಒಳಗೆ ನೋಡಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು — ಒಳಗಿನ ಬಟ್ಟೆಗೆ ಒಂದು ಹನಿ ರಕ್ತ ಇರಲಿಲ್ಲ, ಹೊಸ ಅಂಗಿಯಷ್ಟು ಸ್ವಚ್ಛ.

ಶರಣಪ್ಪ ಬದುಕಿದ. ಬದುಕಿದ ಎನ್ನುವುದು ದೊಡ್ಡ ಮಾತು. ಎಡಗೈಯಲ್ಲಿ ಬಲ ಉಳಿಯಲಿಲ್ಲ. ಮಾತು ತಡೆದು ತಡೆದು ಬರುತ್ತದೆ. ಒಂದು ಶಬ್ದ ಸಿಗದಿದ್ದರೆ ಕಣ್ಣು ಮುಚ್ಚಿ ಹುಡುಕುತ್ತಾನೆ, ಸಿಗದೇ ಹೋದರೆ ಅಳುತ್ತಾನೆ. ತೂಕದ ಕೆಲಸ ಹೋಯಿತು. ಕಸ್ತೂರಿ ಖಡಕ್ ರೊಟ್ಟಿ ಬಡಿದು ಮಾರಿ ಮನೆ ನಡೆಸಿದಳು. ಬಿದ್ದ ದಿನದ್ದು ಅವನಿಗೆ ಏನೂ ನೆನಪಿಲ್ಲ. ಹಿಂದಿನ ಸಂಜೆ ಮಗಳಿಗೆ ಊಟ ಮಾಡಿಸಿದ್ದು ನೆನಪಿದೆ, ಆಮೇಲೆ ದವಾಖಾನೆಯ ಮಂಚ ನೆನಪಿದೆ. ನಡುವಿನದನ್ನು ಅವನಿಗೆ ಹೇಳಿದವನು ನಾನು. ಅವನ ಆ ಒಂದು ದಿನ ಪೂರಾ ನನ್ನ ಕೈಯಲ್ಲಿತ್ತು, ನಾನು ಬೇಕಾದ ಹಾಗೆ ತುಂಬಿಕೊಟ್ಟೆ. ಅವನು ನಂಬಿದ. ತನ್ನದೇ ನೆನಪು ಎನ್ನುವಷ್ಟು ನಂಬಿದ.

ಶರ್ಯತ್ತು ನಿಂತುಹೋಯಿತು. ಕಡಲೆಯ ರೈತರನ್ನು ಜನ ಕಂಡಲ್ಲಿ ಬೈದರು. ನಾನು ಮಾತ್ರ ಒಳ್ಳೆಯವನಾದೆ. ಹಬ್ಬಕ್ಕೆ ನೀಲಾಳಿಗೆ ಬಟ್ಟೆ, ರಂಜಾನಿಗೆ ಸುರಕುಂಬಾ ಪಾಯಸ, ಶರಣಪ್ಪನನ್ನು ತಪಾಸಣೆಗೆ ಕರೆದೊಯ್ಯುವುದು — “ಒಡಹುಟ್ಟಿದಾಂವ ಸುದ್ದಾ ಇಷ್ಟ ಮಾಡಂಗಿಲ್ಲ” ಎಂದು ಯಾವಗಲ್ಲಿನವರು ಹೊಗಳಿದರು. ಹೊಗಳಿಕೆ ಕೇಳಿ ಮೈ ಉರಿಯುತ್ತಿತ್ತು, ಆದರೂ ಬೇಡ ಅನ್ನಲಿಲ್ಲ. ನೀಲಾ ಬೆಳೆದಳು. ಅಪ್ಪನ ಕಾಲು ಅವಳಿಗೆ ಬಂದಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ದೊಡ್ಡ ಹುಡುಗರನ್ನು ಹಿಂದೆ ಹಾಕುತ್ತಾಳೆ ಎಂದು ಕೇಳಿ ನಾನೇ ಅವಳಿಗೂ ಸೈಕಲ್ ಕಟ್ಟಿಕೊಟ್ಟೆ, ನಾನೇ ಓಡಿಸುವುದು ಕಲಿಸಿದೆ. ಪ್ರೀತಿಯಿಂದ ಮಾಡಿದೆ. ಅಂಜಿಕೆಯಿಂದಲೂ ಮಾಡಿದೆ. ಎರಡನ್ನೂ ಬೇರ್ಪಡಿಸಲು ನನಗೆ ಬರುವುದಿಲ್ಲ.

ಅವಳ ತಲೆ ಬರಿದಾಗಿಯೇ ಇರುತ್ತಿತ್ತು. ಒಮ್ಮೆ, ಮಾತಿಗೆ ಮಾತು ಬಂದಂತೆ, “ಒಂದು ಹೆಲ್ಮೆಟ್ ತರಸ್ಲೇನವಾ?” ಎಂದೆ. ಅವಳು ನಕ್ಕಳು. “ಮಾಮಾ, ನೀವ ಹಿಂಗಂದ್ರ ಹ್ಯಾಂಗ? ಅಪ್ಪಂದು ನೀವ ನೋಡೀರಲಾ? ಮತ್ತ ನನ್ನ ಜಡಿ ಅದರಾಗ ಹಿಡ್ಸೂದಿಲ್ಲ.” ನಾನು ಅವಳ ಚಕ್ರಕ್ಕೆ ಗಾಳಿ ಹಾಕಿ ಕಳಿಸಿದೆ.

ಈ ವರ್ಷ ಹುಡುಗರು ಶರ್ಯತ್ತು ಮತ್ತೆ ಎಬ್ಬಿಸಿದರು. ಹುಡುಗಿಯರಿಗೂ ಓಟ ಇಟ್ಟರು. ನೀಲಾ ಹೆಸರು ಕೊಟ್ಟಳು. ರೋಣದಲ್ಲಿ, ನನ್ನ ಅಂಗಡಿಯ ಮುಂದಿನ ಕಟ್ಟೆಯ ಮೇಲೆಯೇ ಕೂಟ ಸೇರಿತು. ಮಾತು ಹೆಲ್ಮೆಟ್ಟಿಗೆ ಬಂತು. ಕಡ್ಡಾಯ ಮಾಡಬೇಕು ಎಂದವರು ಇಬ್ಬರೋ ಮೂವರೋ. ಬಿಸಿಲಿಗೆ ತಲೆ ಬೇಯುತ್ತದೆ, ಹಿಂದಿನ ಗಾಡಿಯ ಸದ್ದು ಕೇಳುವುದಿಲ್ಲ, ಸೈಕಲ್ಲಿಗೆ ಯಾವ ಪೊಲೀಸ್ ಹಿಡಿಯುತ್ತಾನೆ — ಹೀಗೆ ಉಳಿದವರು. ವಾದ ಬಿಸಿಯೇರಿತು. ಆಗ ಗಜೇಂದ್ರಗಡದ ಹುಡುಗನೊಬ್ಬ ಎದ್ದು, “ಯಾಕ ಜಗಳಾಡ್ತೀರಿ, ಹಾಕ್ಕೊಂಡಾಂವ್ನ ಇಲ್ಲೇ ಅದಾನ, ಕೇಳ್ರಿ” ಎಂದ. ಮಗಳ ಜೊತೆ ಬಂದಿದ್ದ ಶರಣಪ್ಪನನ್ನು ಮುಂದೆ ಕರೆದರು. ಅವನ ಕೈಯಲ್ಲಿ ಚೀಲವಿತ್ತು. ಚೀಲದೊಳಗೆ ಆ ಹೆಲ್ಮೆಟ್.

ಬಲಗೈಯಿಂದ ಅದನ್ನು ಎತ್ತಿ ಹಿಡಿದ. “ನಾ... ಹಾಕ್ಕೊಂಡಿದ್ನಿ” ಎಂದ. ಕಣ್ಣು ಮುಚ್ಚಿದ, ಶಬ್ದ ಹುಡುಕಿದ. “ಏನೂ... ಆಗ್ಲಿಲ್ಲ ಇದರಿಂದ. ನನ್ನ ಮಗಳಿಗೂ... ಬ್ಯಾಡಂದೀನಿ.”

ಚಪ್ಪಾಳೆ ತಟ್ಟಿದರು. ಯಾರೋ ನನ್ನ ಕಡೆ ತಿರುಗಿ, “ದಾವಲಣ್ಣಾ, ನೀವ ಅಲ್ಲೇ ಇದ್ರಿ, ನೀವೊಂದ ಮಾತ ಹೇಳ್ರಿ” ಎಂದರು. ಎಲ್ಲರ ಕಣ್ಣು ನನ್ನ ಮೇಲೆ. ಬಾಯಿ ತೆರೆದೆ. “ಅವರವರಿಗೆ ಬಿಟ್ಟದ್ದು” ಎಂದೆ. ಊರನ್ನೇ ನಗಿಸುವ ಬಾಯಿಗೆ ಅಷ್ಟೇ ಬಂತು. ಕಡ್ಡಾಯ ಬೇಡ ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆಂದು ನೀಲಾ ನರಗುಂದದ ಕಡೆಯಿಂದ ಯಾವಗಲ್ಲಿಗೆ ಬರುತ್ತಿದ್ದಳು. ನಾನು ಮೋಟರ್ ಸೈಕಲ್ ಮೇಲೆ ಹಿಂದಿದ್ದೆ. ಮುಂದೆ ಹೋಗುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಟ್ರ್ಯಾಕ್ಟರಿನಿಂದ ಸುರಿದ ಉಸುಕು ರಸ್ತೆಯ ಮೇಲೆ ಚೆಲ್ಲಿತ್ತು. ಚಕ್ರ ಜಾರಿತು. ಅವಳು ಬಿದ್ದಳು, ಹೊರಳಿದಳು; ಹೊರಳುವುದು ನಿಂತದ್ದು ಕಾಲುವೆಯ ಕಟ್ಟೆಯ ಹತ್ತಿರ. ತಲೆಗೂ ಆ ಸಿಮೆಂಟಿನ ಅಂಚಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ನಾನು ಗಾಡಿ ಬೀಳಿಸಿ ಓಡಿದೆ. ಅವಳು ಎದ್ದು ಕೂತಿದ್ದಳು. ಹುಬ್ಬು ಹರಿದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. “ಏನಾಗಿಲ್ಲ ಮಾಮಾ, ಅಳಬ್ಯಾಡ್ರಿ” ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನು ಅವಳ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ, ಬಿಡಲಾಗಲಿಲ್ಲ. ಆ ಅಂಚು ನೋಡಿದೆ. ನಿನ್ನೆ ನಾನು ಹೇಳಿದ ಮಾತು ಅಲ್ಲೇ ಕೂತು ಕಾಯುತ್ತಿತ್ತು ಅನ್ನಿಸಿತು.

ಹುಬ್ಬಿಗೆ ಹೊಲಿಗೆ ಹಾಕಿಸಿ ಮನೆಗೆ ಕರೆತಂದೆ. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮಗಳ ಮುಖ ಮುಟ್ಟಿ ಮುಟ್ಟಿ ನೋಡಿ, ಆಮೇಲೆ ನನ್ನೆದುರು ನಿಂತಳು. “ಅಣ್ಣಾ, ನೀವ ಹೇಳ್ರಿ. ಅವತ್ತ ನೀವಷ್ಟ ಇದ್ರಿ. ಅದು ತಲಿ ಕಾಯ್ತೈತೋ ಇಲ್ಲೋ? ನೀವ ಹೂಂ ಅಂದ್ರ ಈಕಿ ಬಡದಾಡಿದ್ರೂ ಹಾಕ್ತೀನಿ. ಇಲ್ಲಂದ್ರ ಸೈಕಲ್ಲ ಮಾರ್ತೀನಿ.”

ಶರಣಪ್ಪ ಗೋಡೆಗೊರಗಿ ಕೂತಿದ್ದ. ಅವನ ತಲೆಯ ಮೇಲೆ ಮೊಳೆಗೆ ಆ ಹೆಲ್ಮೆಟ್ ತೂಗುಬಿದ್ದಿತ್ತು. ನಾನು ಹೋಗಿ ಅದನ್ನು ಇಳಿಸಿಕೊಂಡೆ. ಅಂಗಾತ ಮಾಡಿ, ಒಳಭಾಗ ಕಾಣುವಂತೆ ಅವನ ಮುಂದಿಟ್ಟೆ. ಕೂತು ಹೇಳಿದೆ. ಸಾಲಿನ ಮುಂದೆ ನಗಿಸಿದ್ದು, ಪಟ್ಟಿ ಬಿಚ್ಚಿದ್ದು, ಹ್ಯಾಂಡಲ್‌ಗೆ ಹಾಕಿಕೊಂಡಿದ್ದು, ಕೈ ಎತ್ತದೇ ಇದ್ದದ್ದು, ಕಲ್ಲು — ಎಲ್ಲ ಹೇಳಿದೆ. ಒಲೆಯ ಮೇಲಿನ ರೊಟ್ಟಿ ಸುಟ್ಟ ವಾಸನೆ ಬಂತು, ಕಸ್ತೂರಿ ಎದ್ದು ಹೋಗಲಿಲ್ಲ. ನೀಲಾ ಹೆಲ್ಮೆಟ್ಟಿನ ಒಳಗೆ ಕೈಯಾಡಿಸಿ ನೋಡಿದಳು, ಆಮೇಲೆ ನನ್ನಿಂದ ಸ್ವಲ್ಪ ಆಚೆ ಸರಿದು ಕೂತಳು.

ಶರಣಪ್ಪ ಕಣ್ಣು ಮುಚ್ಚಿಕೊಂಡಿದ್ದ. ಬೈಯಲಿ ಎಂದು ಕಾಯುತ್ತಿದ್ದೆ. ಎದ್ದು ಒದೆಯಲಿ ಎಂದೂ ಬಯಸಿದೆ. ಅವನು ಕಣ್ಣು ತೆರೆದು ಕೇಳಿದ್ದು ಒಂದೇ ಪ್ರಶ್ನೆ.

“ನಾ... ಕೇಳಿದ್ನೇನು? ಕೊಡಂತ... ಕೇಳಿದ್ನೇನು?”

“ಕೇಳಿದ್ದಿ ಶರಣೂ. ಎರಡು ಸಲ ಕೇಳಿದ್ದಿ.”

ಅವನು ಮಗಳ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಇಷ್ಟು ವರ್ಷ ಊರೆಲ್ಲ ಅವನನ್ನು ತಲೆ ಹೋದವನು, ಬುದ್ಧಿ ಕಳಕೊಂಡವನು ಎಂದು ಮರುಕದಿಂದ ನೋಡಿದೆ. ಅವನು ಬಲಗೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಶಬ್ದ ಆರಿಸಿ, “ಹಂಗಾರ... ನಂಗ... ಬುದ್ಧಿ ಇತ್ತು” ಎಂದ.

ನನ್ನಿಂದ ತಡೆಯಲಾಗಲಿಲ್ಲ. ಕ್ಷಮಿಸು ಎಂದೆನೋ ಇಲ್ಲವೋ ಗೊತ್ತಿಲ್ಲ. ಅಂದಿದ್ದರೂ ಅವನು ಅದಕ್ಕೆ ಉತ್ತರ ಕೊಡಬೇಕಾಗಿರಲಿಲ್ಲ. ಮಾತಾಡಿದವಳು ಕಸ್ತೂರಿ. ಅವಳ ದನಿ ಏರಲಿಲ್ಲ. “ನಾ ಸಡ್ಲ ಕಟ್ಟಿದ್ನೇನೋ ಅಂತ ಹನ್ನೆರಡ ವರ್ಷ ಅತ್ತೀನ್ರಿ” ಎಂದಳು. “ಇದನ್ನ ಮೂರೂ ಊರಾಗ ಹೇಳ್ರಿ. ಹೇಳಿ ಮುಗ್ಯೂತನಕಾ ಈ ಹೊಸ್ತಿಲಾ ತುಳೀಬ್ಯಾಡ್ರಿ.”

ಅದಕ್ಕೇ ಹೇಳುತ್ತಿದ್ದೇನೆ. ಕಟ್ಟೆಯ ಮೇಲೆ ಅದೇ ಹುಡುಗರನ್ನು ಸೇರಿಸಿ ಹೇಳಿದೆ. ಒಬ್ಬ ಉಗುಳಿ ಎದ್ದು ಹೋದ. ಕಡಲೆಯ ರೈತರ ಮನೆಗೆ ಹೋಗಿ ಹೇಳಿದೆ. ಗಜೇಂದ್ರಗಡದಲ್ಲಿ ಹೇಳಿದೆ. ನರಗುಂದದಲ್ಲಿ, ಶರ್ಯತ್ತಿನ ದಿನ, ಸಾಲು ನಿಂತ ಮೇಲೆ, ನಾನು ನಗಿಸಿದ ಅದೇ ಜಾಗದಲ್ಲಿ ನಿಂತು ಹೇಳುವುದಿದೆ. ಅಂಗಡಿಗೆ ಬರುವವರು ಕಡಿಮೆಯಾಗಿದ್ದಾರೆ. ಬಂದವರನ್ನು ನಾನೀಗ ಛೇಡಿಸುವುದಿಲ್ಲ. ನೀಲಾ ಜಡೆಯನ್ನು ಕೆಳಗೆ ಗಂಟು ಹಾಕಿ, ಮೇಲೆ ಹೆಲ್ಮೆಟ್ ಬಿಗಿದುಕೊಂಡು ಓಡಿಸುತ್ತಿದ್ದಾಳಂತೆ. ಬೇರೆಯವರು ಹೇಳಿದ್ದು, ನನ್ನ ಹತ್ತಿರ ಅವಳು ಬರುವುದಿಲ್ಲ.

ಹಾಕಿಕೊಳ್ಳಬೇಕೋ ಬೇಡವೋ ಎಂದು ನಿಮ್ಮೊಡನೆ ವಾದ ಮಾಡುವ ಯೋಗ್ಯತೆ ನನಗಿಲ್ಲ. ಬಿಸಿಲಿದೆ, ಬೆವರಿದೆ, ಒಪ್ಪುತ್ತೇನೆ. ಆದರೆ ‘ಶರಣಪ್ಪನ ಹೆಲ್ಮೆಟ್ ಏನು ಮಾಡಿತು?’ ಎಂದು ಇನ್ನು ಮೇಲೆ ಯಾರೂ ಕೇಳಬೇಡಿ. ಕೇಳಿದರೆ ಉತ್ತರ ನನ್ನ ಹತ್ತಿರ ಇದೆ. ಅದು ಏನೂ ಮಾಡಲಿಲ್ಲ, ನನ್ನ ಗಾಡಿಯ ಹ್ಯಾಂಡಲ್‌ಗೆ ತೂಗುಬಿದ್ದಿತ್ತು. ಅವನು ಎರಡು ಸಲ ಕೇಳಿದ. ನಾನು ಕೊಡಲಿಲ್ಲ.